ಪೀರಿಂಗ್ ಬಂದಮೇಲೆ ಕ್ಯಾಂಪಸ್ ನೆಟ್ ನಿಧಾನವಾಯ್ತು ಅಂದ್ರೆ ಎಲ್ಲಿಂದ ಹುಡುಕಬೇಕು?

ಕ್ಯಾಂಪಸ್ಸಿಗೆ ಎರಡು ಲಿಂಕ್ ಇದ್ದರೆ ದೂರುಗಳೂ ಎರಡು ಥರ ಬರುತ್ತವೆ. ಮೊದಲನೆಯದು, "ಸಾರ್, ನೆಟ್ ಇಲ್ಲ." ಇದು ಸುಲಭ. ಕೇಬಲ್ ತುಂಡಾಗಿರುತ್ತದೆ, ಇಲ್ಲ ಕರೆಂಟ್ ಹೋಗಿರುತ್ತದೆ. ಎರಡನೆಯದು, "ಸಾರ್, ಯೂಟ್ಯೂಬ್ ಓಡುತ್ತೆ, ಪರೀಕ್ಷೆ ಫೀಸು ಕಟ್ಟೋ ಪುಟ ಮಾತ್ರ ತೆರೆಯಲ್ಲ." ತಲೆ ತಿನ್ನುವುದು ಇದು. ಯಾಕೆಂದರೆ ಇಲ್ಲಿ ಯಾವುದೂ ಡೌನ್ ಆಗಿರುವುದಿಲ್ಲ. ಮಾನಿಟರ್ ಮೇಲೆ ಎಲ್ಲ ದೀಪಗಳೂ ಹಸಿರು.

ಈ ಬರಹ ಎರಡನೇ ಥರದ ದೂರಿನದು. ಪೀರಿಂಗ್, ಅಂದರೆ ಎರಡು ಜಾಲಗಳು ನಡುವಿನವರಿಲ್ಲದೆ ನೇರ ಕೈಜೋಡಿಸುವುದು, ಬಂದಮೇಲೆ ಹುಟ್ಟುವಂಥದ್ದು. ಒಂದು ಕಡೆ ಶಿಕ್ಷಣ-ಸಂಶೋಧನಾ ಜಾಲದ ಲಿಂಕ್, ಇನ್ನೊಂದು ಕಡೆ ಖಾಸಗಿ ಕಂಪನಿಯ ಲಿಂಕ್, ಸ್ವಂತ ಎಎಸ್ ನಂಬರ್ (ಇಂಟರ್ನೆಟ್ಟಿನಲ್ಲಿ ಒಂದು ಜಾಲದ ಗುರುತಿನ ಸಂಖ್ಯೆ), ಬಿಜಿಪಿ (ಜಾಲಗಳು ತಮ್ಮ ದಾರಿಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ) ಓಡಿಸುವ ಒಂದೋ ಎರಡೋ ರೂಟರ್. ಇಷ್ಟು ಇರುವ ಕಾಲೇಜು, ವಿಶ್ವವಿದ್ಯಾಲಯ, ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗಾಗಿ ಬರೆದಿದ್ದೇನೆ. ನಾನು ಇಂಥದ್ದೇ ಒಂದು ಕಾಲೇಜಿನ ಸರ್ವರ್ ರೂಮಿನಲ್ಲಿ ಕೂತವನು.

ಹುಡುಕುವ ಮುಂಚೆ ಒಂದು ಮಾತು. ಹೋಗುವ ದಾರಿ ನಮ್ಮ ಕೈಯಲ್ಲಿದೆ. ಬರುವ ದಾರಿ ಊರವರ ಕೈಯಲ್ಲಿದೆ. ನಾವು ಕಳಿಸುವ ಪ್ಯಾಕೆಟ್ ಯಾವ ಲಿಂಕ್ ಹಿಡಿಯಬೇಕು ಅಂತ ನಮ್ಮ ರೂಟರ್ ತೀರ್ಮಾನಿಸುತ್ತದೆ. ಉತ್ತರ ಯಾವ ದಾರಿಯಲ್ಲಿ ಬರಬೇಕು ಅಂತ ಆ ಕಡೆಯವರ ರೂಟರ್ ತೀರ್ಮಾನಿಸುತ್ತದೆ. ಅದಕ್ಕೆ ಆಧಾರ, ನಾವು ಜಗತ್ತಿಗೆ ಏನಂತ ಹೇಳಿಕೊಂಡಿದ್ದೇವೆ ಅನ್ನೋದು. ನಾನು ನೋಡಿದ ದೋಷಗಳಲ್ಲಿ ಜಾಸ್ತಿ ಸಿಕ್ಕಿದ್ದು ಬರುವ ದಾರಿಯಲ್ಲೇ. ನಾವು ಹುಡುಕೋದು ಮಾತ್ರ ಹೋಗುವ ದಾರಿಯಲ್ಲಿ, ಯಾಕೆಂದರೆ ಕಣ್ಣಿಗೆ ಕಾಣೋದು ಅದೊಂದೇ.

ಎರಡು ಬಾಗಿಲು ಯಾಕೆ ಬಂದವು

ಮೊದಲು ಎರಡು ಜಾಲಗಳೂ ಬೇರೆ ಬೇರೆಯೇ ಇದ್ದವು. ಅಮೆರಿಕದ ಶೈಕ್ಷಣಿಕ ಜಾಲವಾದ ಎನ್‌ಎಸ್‌ಎಫ್‌ನೆಟ್‌ನಲ್ಲಿ ವ್ಯಾಪಾರದ ಬಳಕೆಗೆ ಅನುಮತಿ ಇರಲಿಲ್ಲ. ಹಾಗಾಗಿ ಕಂಪನಿಗಳ ಜಾಲಗಳು 1991ರಲ್ಲಿ ಸಿಐಎಕ್ಸ್ ಅನ್ನುವ, ಜಾಲಗಳು ಒಂದಕ್ಕೊಂದು ಟ್ರಾಫಿಕ್ ಕೊಟ್ಟುಕೊಳ್ಳುವ ತಮ್ಮದೇ ಎಕ್ಸ್‌ಚೇಂಜ್ ಕಟ್ಟಿಕೊಂಡವು. 1995ರ ಏಪ್ರಿಲ್‌ನಲ್ಲಿ ಎನ್‌ಎಸ್‌ಎಫ್‌ನೆಟ್ ಬೆನ್ನೆಲುಬನ್ನು ಮುಚ್ಚಿದರು. ನಮ್ಮಲ್ಲಿ ಶೈಕ್ಷಣಿಕ ಜಾಲ ಎರ್ನೆಟ್ 1986ರಲ್ಲಿ ಶುರುವಾಯಿತು. ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಐಐಎಸ್‌ಸಿ ಕೂಡ ಒಂದು. ದೇಶದ ಒಳಗಿನ ಟ್ರಾಫಿಕ್ ಸಮುದ್ರ ದಾಟಿ ಹೋಗಿ ವಾಪಸ್ ಬರುವುದನ್ನು ತಪ್ಪಿಸೋಕೆ 2003ರಲ್ಲಿ ನಿಕ್ಸಿ ಎಕ್ಸ್‌ಚೇಂಜ್ ಬಂತು. 2010ರಲ್ಲಿ ರಾಷ್ಟ್ರೀಯ ಜ್ಞಾನ ಜಾಲ, ಅಂದರೆ ಎನ್‌ಕೆಎನ್ ಬಂತು.

ಶೈಕ್ಷಣಿಕ ಜಾಲವನ್ನು ಕಟ್ಟಿದ್ದು ಲ್ಯಾಬಿನಿಂದ ಲ್ಯಾಬಿಗೆ ದೊಡ್ಡ ಫೈಲ್ ಸಾಗಿಸೋಕೆ. ಆದರೆ ಹಾಸ್ಟೆಲ್ ಹುಡುಗರು ನೋಡೋದು ಗೂಗಲ್, ಮೆಟಾ, ನೆಟ್‌ಫ್ಲಿಕ್ಸ್ ಇಂಥ ನಾಲ್ಕೈದು ಕಡೆಯದ್ದನ್ನೇ. ಆ ಕಂಪನಿಗಳ ರೂಟರ್ ಎಕ್ಸ್‌ಚೇಂಜಿನಲ್ಲೇ ಕೂತಿರುತ್ತದೆ. ಅಲ್ಲಿ ನೇರ ಕೈಜೋಡಿಸಿದರೆ ನಡುವಿನವರಿಗೆ ಟ್ರಾನ್ಸಿಟ್ ದುಡ್ಡು (ತಮ್ಮ ಜಾಲದ ಮೂಲಕ ಹಾಯಿಸಿದ್ದಕ್ಕೆ ಬಾಡಿಗೆ) ಕೊಡೋದು ಉಳಿಯುತ್ತದೆ. ಅದಕ್ಕೇ ಶೈಕ್ಷಣಿಕ ಜಾಲಗಳು ವಾಣಿಜ್ಯ ಜಾಲಗಳ ಜೊತೆ ಪೀರಿಂಗ್ ಮಾಡುತ್ತವೆ. ಅಮೆರಿಕದ ಇಂಟರ್ನೆಟ್2, ಯುರೋಪಿನ ಜಿಯಾಂಟ್ ಎರಡೂ ಇದನ್ನು ಒಂದು ಸೇವೆಯಾಗಿಯೇ ಕೊಡುತ್ತವೆ. ಒಳ್ಳೆಯ ಕೆಲಸವೇ. ಆದರೆ ಪೀರಿಂಗ್ ಬಂದ ದಿನ ಶೈಕ್ಷಣಿಕ ಜಾಲದ ರೂಟರ್‌ಗೆ ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಹೊರಗಿನ ಸಾವಿರಾರು ರೂಟ್‌ಗಳು ಹೊಸದಾಗಿ ಕಾಣಿಸುತ್ತವೆ. ಅದರಲ್ಲಿ ನಿಮ್ಮದೂ ಒಂದಿರಬಹುದು.

ಮೊದಲ ಪ್ರಶ್ನೆ: ಏನು ಬರುತ್ತೆ, ಏನು ಬರಲ್ಲ?

ದೂರು ಬಂದ ಕೂಡಲೇ ರೂಟರ್‌ಗೆ ಲಾಗಿನ್ ಆಗಬೇಡಿ. ಒಂದು ಹಾಳೆ ತಗೊಂಡು ಎರಡು ಪಟ್ಟಿ ಬರೆಯಿರಿ. ತೆರೆಯುವ ತಾಣಗಳು ಒಂದು ಕಡೆ, ತೆರೆಯದವು ಇನ್ನೊಂದು ಕಡೆ. ಹತ್ತು ತಾಣ ಸಾಕು. ಮೂರ್ನಾಲ್ಕು ದೊಡ್ಡ ಕಂಪನಿಗಳದ್ದು, ಎರಡು ಬ್ಯಾಂಕು, ಒಂದು ಸರ್ಕಾರಿ ಪುಟ, ಎರಡು ಬೇರೆ ವಿಶ್ವವಿದ್ಯಾಲಯ, ಒಂದು ಯಾರೂ ಕೇಳಿರದ ಸಣ್ಣ ವೆಬ್‌ಸೈಟ್.

ದೊಡ್ಡ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಬರುತ್ತಿವೆ, ಬ್ಯಾಂಕೂ ಸಣ್ಣ ಸೈಟೂ ಬರುತ್ತಿಲ್ಲ ಅಂದರೆ ಉತ್ತರ ಹೆಚ್ಚುಕಮ್ಮಿ ಸಿಕ್ಕಂತೆ. ಖಾಸಗಿ ಲಿಂಕ್ ಸತ್ತಿದೆ, ಶೈಕ್ಷಣಿಕ ಲಿಂಕ್ ಒಂದೇ ಓಡುತ್ತಿದೆ, ಅದರಲ್ಲಿ ನಿಮಗೆ ಬರುತ್ತಿರುವುದು ಸದಸ್ಯ ಸಂಸ್ಥೆಗಳ ರೂಟ್ ಮತ್ತು ಪೀರಿಂಗ್ ರೂಟ್ ಮಾತ್ರ. ಪೀರಿಂಗ್ ಅಂದರೆ ಪೂರ್ತಿ ಇಂಟರ್ನೆಟ್ ಅಲ್ಲ. ಪೀರ್ ಆದವರು ತಮ್ಮ ರೂಟ್‌ಗಳನ್ನೂ ತಮ್ಮ ಗ್ರಾಹಕರ ರೂಟ್‌ಗಳನ್ನೂ ಮಾತ್ರ ಕೊಡುತ್ತಾರೆ. ಅವರಾಚೆಗಿನ ಊರಿಗೆ ಹೋಗೋಕೆ ಟ್ರಾನ್ಸಿಟ್ ಬೇಕು, ಇಲ್ಲ ಒಂದು ಡೀಫಾಲ್ಟ್ ರೂಟ್, ಅಂದರೆ ಗೊತ್ತಿಲ್ಲದ ವಿಳಾಸಕ್ಕೆಲ್ಲ ಬಳಸುವ ದಾರಿ, ಬೇಕು. ಯೂಟ್ಯೂಬ್ ಓಡುತ್ತಿದ್ದರೆ ಜನ ನೆಟ್ ಇದೆ ಅಂತಲೇ ತಿಳಿಯುತ್ತಾರೆ. ಹಾಗಾಗಿ ಖಾಸಗಿ ಲಿಂಕ್ ಸತ್ತು ಗಂಟೆಗಟ್ಟಲೆ ಆದಮೇಲೂ ಯಾರೂ ಫೋನ್ ಮಾಡಿರುವುದಿಲ್ಲ. ಫೀಸು ಕಟ್ಟುವ ಕೊನೇ ದಿನ ಮಾತ್ರ ಮಾಡುತ್ತಾರೆ.

ನೋಡಬೇಕಾದ್ದು ಎರಡು. ಡೀಫಾಲ್ಟ್ ರೂಟ್ ಯಾರಿಂದ ಬರುತ್ತಿದೆ? ಒಂದು ಲಿಂಕ್ ಹೋದರೆ ಇನ್ನೊಂದರಿಂದ ಬರುತ್ತದಾ? ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಒಂದು ಭಾನುವಾರ ಬೆಳಗ್ಗೆ ಖಾಸಗಿ ಲಿಂಕಿನ ಬಿಜಿಪಿಯನ್ನು ಬೇಕಂತಲೇ ಇಳಿಸಿ ನೋಡಿ. ನಿಮ್ಮ ಮಾನಿಟರ್ ಕೂಡ ಗೂಗಲ್‌ಗೇ ಪಿಂಗ್ ಮಾಡುತ್ತಾ (ಇದ್ದೀಯಾ ಅಂತ ಕೇಳಿ ಉತ್ತರದ ಸಮಯ ಅಳೆಯುತ್ತಾ) ಕೂತಿದ್ದರೆ ಅದಕ್ಕೂ ಏನೂ ಗೊತ್ತಾಗಿರುವುದಿಲ್ಲ. ಇನ್ನೊಂದೆರಡು ಗುರಿ ಸೇರಿಸಿ.

ಎಲ್ಲ ತಾಣಗಳೂ ಬರುತ್ತಿವೆ, ಆದರೆ ಕೆಲವು ನಿಧಾನ ಅಂದರೆ ಮುಂದೆ ಓದಿ.

ನಮ್ಮಲ್ಲಿ ಆದದ್ದು

ಭೌತಶಾಸ್ತ್ರದ ಮೇಡಮ್ ಒಬ್ಬರು ಹೈದರಾಬಾದಿನ ಒಂದು ಪ್ರಯೋಗಾಲಯದಿಂದ ವಾರಕ್ಕೊಮ್ಮೆ ಡೇಟಾ ಇಳಿಸಿಕೊಳ್ಳುತ್ತಿದ್ದರು. ಆ ಲ್ಯಾಬೂ ನಾವೂ ಒಂದೇ ಶೈಕ್ಷಣಿಕ ಜಾಲದ ಸದಸ್ಯರು. ನಮ್ಮ ಲಿಂಕ್ 1 ಜಿಬಿಪಿಎಸ್. ಒಂದು ಸೋಮವಾರದಿಂದ ಇದ್ದಕ್ಕಿದ್ದಂತೆ ನಿಧಾನ. ಬೆಳಗಿನ ಜಾವ ಪರವಾಗಿಲ್ಲ, ಮಧ್ಯಾಹ್ನ ಆಮೆ. "ಒಂದು ಗಂಟೆ ಕೆಲಸ ಈಗ ಒಂದು ದಿನ ಹಿಡಿಯುತ್ತೆ, ಏನ್ರೀ ಮಾಡಿದ್ರಿ?" ಅಂದರು. ನಾವೇನೂ ಮಾಡಿರಲಿಲ್ಲ. ಹಿಂದಿನ ಶುಕ್ರವಾರ ನಮ್ಮ ಶೈಕ್ಷಣಿಕ ಜಾಲ ದೆಹಲಿಯ ಒಂದು ಎಕ್ಸ್‌ಚೇಂಜಿನಲ್ಲಿ ಹೊಸದಾಗಿ ಪೀರಿಂಗ್ ಶುರುಮಾಡಿತ್ತು. ಹಾಗಾಗಿ ಎಲ್ಲರೂ ಪೀರಿಂಗ್ ಮೇಲೇ ಗೂಬೆ ಕೂರಿಸಿದೆವು.

ದಾರಿಯ ಒಂದೊಂದು ರೂಟರನ್ನೂ ಅದರ ಸಮಯವನ್ನೂ ತೋರಿಸುವ ಟ್ರೇಸ್‌ರೂಟ್ ಹಾಕಿದೆ. ಮಧ್ಯಾಹ್ನ ಮೂರು ಗಂಟೆಗೆ ಸಿಕ್ಕಿದ್ದು ಹೀಗಿತ್ತು.

1. ಲ್ಯಾಬ್ ಸ್ವಿಚ್ – 0.4 ಮಿ.ಸೆ.
2. ಕ್ಯಾಂಪಸ್ ಗಡಿ ರೂಟರ್ – 0.8 ಮಿ.ಸೆ.
3. ಶೈಕ್ಷಣಿಕ ಜಾಲ, ಬೆಂಗಳೂರು – 68 ಮಿ.ಸೆ.
4. ಶೈಕ್ಷಣಿಕ ಜಾಲ, ಹೈದರಾಬಾದ್ – 70 ಮಿ.ಸೆ.
5. ಆ ಕಡೆಯ ಸರ್ವರ್ – 71 ಮಿ.ಸೆ.

ದಾರಿ ನೋಡಿದರೆ ನೆಟ್ಟಗಿದೆ. ಬೆಂಗಳೂರು, ಅಲ್ಲಿಂದ ಹೈದರಾಬಾದ್. ಹೊರಗಿನ ಜಾಲ ಒಂದೂ ಇಲ್ಲ. ಆದರೆ ಸಮಯ ನೋಡಿ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಹೋಗಿಬರುವ ಲೆಕ್ಕಕ್ಕೆ 100 ಕಿಲೋಮೀಟರಿಗೆ ಒಂದು ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ನಮ್ಮಿಂದ ಬೆಂಗಳೂರಿಗೆ ಫೈಬರ್ ಸುಮಾರು 400 ಕಿಲೋಮೀಟರ್. ನಾಲ್ಕೈದು ಮಿಲಿಸೆಕೆಂಡ್ ಆಗಬೇಕಾದ್ದು 68 ಆಗಿದೆ. ಇನ್ನೂ ತಮಾಷೆ ಏನಂದರೆ ಈ ಪಟ್ಟಿಯ ಪ್ರಕಾರ ಬೆಂಗಳೂರೂ ಹೈದರಾಬಾದೂ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ! ರಾತ್ರಿ ಎರಡಕ್ಕೆ ಮತ್ತೆ ಹಾಕಿದೆ. ಬೆಂಗಳೂರು 31, ಹೈದರಾಬಾದ್ 32.

ಟ್ರೇಸ್‌ರೂಟ್ ಹೋಗುವ ದಾರಿಯ ಹೆಸರುಗಳನ್ನು ಮಾತ್ರ ತೋರಿಸುತ್ತದೆ. ಸಮಯದಲ್ಲಿ ಮಾತ್ರ ಹೋದದ್ದೂ ಬಂದದ್ದೂ ಎರಡೂ ಸೇರಿರುತ್ತದೆ. ಹೆಸರು ಸರಿಯಿದ್ದು ಸಮಯ ಸುಳ್ಳು ಹೇಳುತ್ತಿದ್ದರೆ ಬರುವ ದಾರಿ ಬೇರೆ ಅಂತ ಅರ್ಥ. ಜೊತೆಗೆ ಮಧ್ಯಾಹ್ನಕ್ಕೂ ರಾತ್ರಿಗೂ ಇಷ್ಟು ವ್ಯತ್ಯಾಸ ಇದೆ ಅಂದರೆ ಆ ದಾರಿಯಲ್ಲಿ ಎಲ್ಲೋ ಒಂದು ಲಿಂಕ್ ಹಗಲು ಹೊತ್ತು ತುಂಬಿ ತುಳುಕುತ್ತಿದೆ. ಗ್ರಾಫ್ ತೆಗೆದು ನೋಡಿದರೆ ನಮ್ಮ ಶೈಕ್ಷಣಿಕ ಲಿಂಕ್ ಒಳಮುಖವಾಗಿ ಬಣಗುಡುತ್ತಿತ್ತು. ಖಾಸಗಿ ಲಿಂಕ್ ಮಧ್ಯಾಹ್ನ ಪೂರ್ತಿ ಚಪ್ಪಟೆಯಾಗಿ ಮೇಲಿನ ಗೆರೆಗೆ ಅಂಟಿಕೊಂಡಿತ್ತು.

ಇಲ್ಲಿ ಒಂದು ಪರೀಕ್ಷೆ ಮಾಡಿದೆ. ಇದನ್ನು ನೀವೂ ಮಾಡಿ, ತುಂಬಾ ಕೆಲಸಕ್ಕೆ ಬರುತ್ತದೆ. ಗಡಿ ರೂಟರ್‌ನಿಂದಲೇ ಬೆಂಗಳೂರಿನ ಅದೇ ವಿಳಾಸಕ್ಕೆ ಎರಡು ಸಲ ಪಿಂಗ್ ಮಾಡಿ, ಎರಡೂ ಸಲ ಮೂಲ ವಿಳಾಸ ಬೇರೆ ಕೊಡಿ. ಮೊದಲ ಸಲ, ಆ ಲಿಂಕಿನದೇ ವಿಳಾಸ. ಎರಡನೇ ಸಲ, ಕ್ಯಾಂಪಸ್ ಒಳಗಿನ ನಿಮ್ಮ ಸ್ವಂತ ಬ್ಲಾಕಿನ ವಿಳಾಸ. (ಮುಂದೆ ಬರುವ ವಿಳಾಸಗಳೆಲ್ಲ ಉದಾಹರಣೆಗೆ ಮಾತ್ರ.)

ಮೂಲ 192.0.2.2, ಲಿಂಕ್ ವಿಳಾಸ – 4 ಮಿ.ಸೆ.
ಮೂಲ 198.18.4.1, ಕ್ಯಾಂಪಸ್ ವಿಳಾಸ – 67 ಮಿ.ಸೆ.

ಅದೇ ರೂಟರ್, ಅದೇ ಕೇಬಲ್, ಅದೇ ಗುರಿ. ಉತ್ತರ ಯಾರ ಹೆಸರಿಗೆ ಬರಬೇಕು ಅನ್ನೋದಷ್ಟೇ ಬೇರೆ. ಅಲ್ಲಿಗೆ ಕೇಬಲ್ಲು, ಆಪ್ಟಿಕ್ಸ್, ಪೋರ್ಟ್ ಯಾವುದರದ್ದೂ ತಪ್ಪಿಲ್ಲ ಅಂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾವು ಎರಡು ದಿನ ಫೈಬರ್ ಒರೆಸುತ್ತಾ ಕೂತಿದ್ದೆವು.

ತಪ್ಪು ನನ್ನದೇ ಆಗಿತ್ತು. ಎಂಟು ತಿಂಗಳ ಹಿಂದೆ ಖಾಸಗಿ ಲಿಂಕಿಗೆ ಟ್ರಾಫಿಕ್ ಜಾಸ್ತಿ ಬರಲಿ ಅಂತ ಒಂದು ಚಾಲಾಕಿ ಮಾಡಿದ್ದೆ. ನಮ್ಮ ಬ್ಲಾಕು 198.18.4.0/22 (ಗೆರೆಯಾಚೆಯ ಸಂಖ್ಯೆ ದೊಡ್ಡದಾದಷ್ಟೂ ವಿಳಾಸಗಳ ಗುಂಪು ಚಿಕ್ಕದು). ಶೈಕ್ಷಣಿಕ ಜಾಲಕ್ಕೆ ಆ /22 ಒಂದನ್ನೇ ಅನೌನ್ಸ್ ಮಾಡುತ್ತಿದ್ದೆ. ಖಾಸಗಿ ಕಂಪನಿಗೆ ಅದರ ಜೊತೆ ನಾಲ್ಕು /24 ತುಂಡುಗಳನ್ನೂ ಅನೌನ್ಸ್ ಮಾಡಿದ್ದೆ. ರೂಟರ್ ಯಾವಾಗಲೂ ಹೆಚ್ಚು ನಿಖರವಾದ ಪ್ರಿಫಿಕ್ಸನ್ನೇ, ಅಂದರೆ ಚಿಕ್ಕ ವಿಳಾಸಗುಂಪನ್ನೇ, ಆರಿಸುತ್ತದೆ. "ಜಯನಗರ" ಅಂತ ಬರೆದ ಕಾಗದಕ್ಕಿಂತ "ಜಯನಗರ ನಾಲ್ಕನೇ ಬ್ಲಾಕ್" ಅಂತ ಬರೆದದ್ದನ್ನು ಪೋಸ್ಟ್‌ಮ್ಯಾನ್ ನಂಬುವ ಹಾಗೆ. ಇಲ್ಲಿ ಲೋಕಲ್ ಪ್ರೆಫರೆನ್ಸ್ (ಒಂದು ರೂಟಿಗೆ ಜಾಲ ಕೊಡುವ ಆದ್ಯತೆ) ಎಷ್ಟಿದೆ, ಎಎಸ್ ಪಾಥ್ (ದಾರಿಯಲ್ಲಿ ಸಿಗುವ ಎಎಸ್ ನಂಬರುಗಳ ಸಾಲು) ಎಷ್ಟು ಉದ್ದ ಅನ್ನುವ ಯಾವ ಲೆಕ್ಕವೂ ನಡೆಯುವುದಿಲ್ಲ. ಆ ಲೆಕ್ಕವೆಲ್ಲ ಒಂದೇ ಪ್ರಿಫಿಕ್ಸ್ ಎರಡು ಕಡೆಯಿಂದ ಬಂದಾಗ ಮಾತ್ರ.

ಎಂಟು ತಿಂಗಳು ಏನೂ ಆಗಲಿಲ್ಲ, ಯಾಕೆಂದರೆ ಶೈಕ್ಷಣಿಕ ಜಾಲದ ಒಳಗಿನವರಿಗೆ ಆ /24ಗಳು ಕಾಣುತ್ತಲೇ ಇರಲಿಲ್ಲ. ಅವರ ಹತ್ತಿರ /22 ಮಾತ್ರ ಇತ್ತು, ನೇರ ನಮ್ಮ ಬಾಗಿಲಿಗೇ ಬರುತ್ತಿದ್ದರು. ಶುಕ್ರವಾರ ಎಕ್ಸ್‌ಚೇಂಜಿನಲ್ಲಿ ನಮ್ಮ ಖಾಸಗಿ ಕಂಪನಿಯ ಜೊತೆ ಪೀರಿಂಗ್ ಆಯಿತು. ಆ ಕಂಪನಿ ತನ್ನ ಗ್ರಾಹಕರ ರೂಟ್‌ಗಳನ್ನು ಕೊಟ್ಟಿತು. ಗ್ರಾಹಕರಲ್ಲಿ ನಾವೂ ಒಬ್ಬರು, ಅಲ್ವಾ? ನಾಲ್ಕೂ /24 ಶೈಕ್ಷಣಿಕ ಜಾಲದ ಒಳಗೆ ಬಂದವು, ನಮ್ಮ /22ನ್ನು ಸೋಲಿಸಿದವು. ಅಲ್ಲಿಂದಾಚೆ ಪಕ್ಕದ ಮನೆಯವರು ನಮ್ಮ ಮನೆಗೆ ಬರೋಕೆ ದೆಹಲಿ ಸುತ್ತಿಕೊಂಡು, ಅಲ್ಲಿಂದ ಖಾಸಗಿ ಕಂಪನಿಯ ತುಂಬಿದ ಲಿಂಕ್ ಹಿಡಿದು ಬರತೊಡಗಿದರು. ಪೀರಿಂಗ್ ಮಾಡಿದವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ನಮ್ಮ ಆರ್‌ಒಎಯಲ್ಲಿ (ಈ ಬ್ಲಾಕನ್ನು ಯಾವ ಎಎಸ್ ಅನೌನ್ಸ್ ಮಾಡಬಹುದು ಅನ್ನುವ ಸಹಿ ಮಾಡಿದ ದಾಖಲೆ) ಗರಿಷ್ಠ ಉದ್ದ /24 ಅಂತ ಸಡಿಲ ಬಿಟ್ಟಿದ್ದೆ. /22ಕ್ಕೇ ಬಿಗಿಯಾಗಿ ಇಟ್ಟಿದ್ದರೆ ಈ ತುಂಡುಗಳು ಆರ್‌ಪಿಕೆಐ (ಇಂಥ ದಾಖಲೆಗಳನ್ನು ಪರಿಶೀಲಿಸುವ ವ್ಯವಸ್ಥೆ) ಪ್ರಕಾರ ಅಮಾನ್ಯವಾಗಿ ಎಷ್ಟೋ ಕಡೆ ಬಿದ್ದುಹೋಗುತ್ತಿದ್ದವು. ನನ್ನ ಚಾಲಾಕಿ ಮೊದಲ ದಿನವೇ ಬಯಲಾಗುತ್ತಿತ್ತು.

ಸರಿಪಡಿಸಿದ್ದು ಹೀಗೆ. /24ಗಳನ್ನು ವಾಪಸ್ ತೆಗೆದೆ. ಎರಡೂ ಕಡೆ /22 ಒಂದನ್ನೇ ಬಿಟ್ಟೆ. ಈಗ ಶೈಕ್ಷಣಿಕ ಜಾಲಕ್ಕೆ ಅದೇ /22 ಎರಡು ದಿಕ್ಕಿನಿಂದ ಕಾಣುತ್ತದೆ: ಸದಸ್ಯರಾದ ನಮ್ಮಿಂದ ನೇರ, ಪೀರ್‌ನಿಂದ ಸುತ್ತು. ಸಾಮಾನ್ಯವಾಗಿ ಎಲ್ಲ ಜಾಲಗಳೂ ಸದಸ್ಯರ ರೂಟಿಗೆ ಪೀರ್‌ಗಿಂತ ಹೆಚ್ಚು ಲೋಕಲ್ ಪ್ರೆಫರೆನ್ಸ್ ಕೊಡುತ್ತವೆ. ಹತ್ತು ನಿಮಿಷದಲ್ಲಿ ಬೆಂಗಳೂರು 4, ಹೈದರಾಬಾದ್ 13. ಮೇಡಮ್ಮಿಗೆ ಫೋನ್ ಮಾಡಿದೆ. "ಏನಾಗಿತ್ತು?" ಅಂದರು. "ಸೆಟ್ಟಿಂಗ್ ಮೇಡಮ್" ಅಂದೆ.

ಒಳಬರುವ ಟ್ರಾಫಿಕ್ಕನ್ನು ಎರಡು ಲಿಂಕಿಗೆ ಹಂಚಲೇಬೇಕು ಅಂದರೆ ತುಂಡು ಮಾಡುವ ಬದಲು ಎಎಸ್ ಪಾಥ್ ಪ್ರಿಪೆಂಡ್ ಮಾಡಿ (ನಿಮ್ಮ ನಂಬರನ್ನೇ ಮತ್ತೆ ಸೇರಿಸಿ ಪಾಥ್ ಉದ್ದ ಮಾಡುವುದು), ಇಲ್ಲ ಕಂಪನಿಯ ಕಮ್ಯುನಿಟಿ ಟ್ಯಾಗ್ (ರೂಟಿನ ಜೊತೆ ಕಳಿಸುವ ಸೂಚನೆ) ಬಳಸಿ. ತುಂಡೇ ಬೇಕು ಅಂದರೆ ಅದೇ ತುಂಡುಗಳನ್ನು ಶೈಕ್ಷಣಿಕ ಜಾಲಕ್ಕೂ ಕೊಡಿ. ಕೊಡುವ ಮುಂಚೆ ಅವರಿಗೊಂದು ಮೇಲ್ ಹಾಕಿ. ಅವರ ಫಿಲ್ಟರಿನಲ್ಲಿ /22 ಮಾತ್ರ ಬರೆದಿದ್ದರೆ ನಿಮ್ಮ /24 ಬಾಗಿಲಲ್ಲೇ ಬೀಳುತ್ತದೆ.

ಬರುವ ದಾರಿಯನ್ನು ನೋಡುವುದು ಹೇಗೆ

ನಮ್ಮ ಕಡೆಯಿಂದ ಕಾಣದ್ದನ್ನು ಆ ಕಡೆ ನಿಂತು ನೋಡಬೇಕು. ಆ ಕಡೆ ಸ್ನೇಹಿತರಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ವಿಳಾಸಕ್ಕೆ ಒಂದು ಟ್ರೇಸ್ ಹಾಕಿ ಕಳಿಸಿ ಅನ್ನಿ. ಇಲ್ಲದಿದ್ದರೆ ಲುಕಿಂಗ್ ಗ್ಲಾಸ್ ಪುಟಗಳಿವೆ. ಬಹಳಷ್ಟು ದೊಡ್ಡ ಜಾಲಗಳೂ ಎಕ್ಸ್‌ಚೇಂಜ್‌ಗಳೂ ಇಟ್ಟಿರುತ್ತವೆ, ಅವರ ರೂಟರ್‌ಗೆ ನಿಮ್ಮ ಪ್ರಿಫಿಕ್ಸ್ ಹೇಗೆ ಕಾಣುತ್ತದೆ ಅಂತ ನೋಡಬಹುದು. ರೈಪ್ ಅಟ್ಲಾಸ್‌ನ ಪುಟ್ಟ ಪೆಟ್ಟಿಗೆಗಳು ಜಗತ್ತಿನ ಮೂಲೆಮೂಲೆಯಲ್ಲಿ ಕೂತಿವೆ, ಅಲ್ಲಿಂದ ನಿಮ್ಮ ಕಡೆಗೆ ಟ್ರೇಸ್ ಹಾಕಿಸಬಹುದು. ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್, ರೈಪ್‌ಸ್ಟ್ಯಾಟ್ ಇವೆರಡರಲ್ಲಿ ನಿಮ್ಮ ಬ್ಲಾಕ್ ಹೆಸರು ಕೊಟ್ಟರೆ ಯಾರ್ಯಾರಿಗೆ ಯಾವ ಪಾಥ್ ಕಾಣುತ್ತಿದೆ ಅಂತ ಬರುತ್ತದೆ.

ನೋಡುವಾಗ ಎರಡು ಪ್ರಶ್ನೆ ಇಟ್ಟುಕೊಳ್ಳಿ. ನಾನು ಅನೌನ್ಸ್ ಮಾಡಿದ್ದೇನೆ ಅಂದುಕೊಂಡಿರುವುದಕ್ಕಿಂತ ಜಾಸ್ತಿ ತುಂಡುಗಳು ಕಾಣುತ್ತಿವೆಯಾ? ಪಾಥ್‌ನ ಕೊನೆಯಲ್ಲಿ ನನ್ನ ನಂಬರಿನ ಹಿಂದೆ ಯಾರಿದ್ದಾರೆ? ಎರ್ನೆಟ್‌ನ 2697, ಎನ್‌ಕೆಎನ್‌ನ 9885 ಮತ್ತು 55824 ಇಂಥ ನಂಬರುಗಳನ್ನು ಗುರುತಿಸೋಕೆ ಕಲಿತರೆ ಪಾಥ್ ಓದುವುದು ಬಸ್ಸಿನ ಬೋರ್ಡ್ ಓದಿದಷ್ಟೇ ಸಲೀಸು.

ಟ್ರೇಸಿನಲ್ಲಿ ನಕ್ಷತ್ರ ಚಿಹ್ನೆ ಬಂದ ಹಾಪ್ (ದಾರಿಯ ಒಂದು ರೂಟರ್) ನೋಡಿ ಗಾಬರಿ ಬೇಡ. ಎಷ್ಟೋ ರೂಟರ್‌ಗಳು ಉತ್ತರ ಕೊಡುವುದೇ ಇಲ್ಲ. ನಡುವಿನ ಒಂದು ಹಾಪಿನಲ್ಲಿ 90 ಮಿ.ಸೆ. ಬಂದು ಮುಂದಿನದರಲ್ಲಿ 12ಕ್ಕೆ ಇಳಿದರೂ ದೋಷವಲ್ಲ. ಆ ರೂಟರ್ ಉತ್ತರ ಕೊಡೋಕೆ ಸೋಮಾರಿ, ಅಷ್ಟೇ. ಏರಿದ್ದು ಕೊನೆಯವರೆಗೂ ಏರಿಯೇ ಇದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಪಿಂಗ್ ಬರುತ್ತೆ, ಪುಟ ತೆರೆಯಲ್ಲ

ಪೀರಿಂಗ್ ಬಂದಮೇಲೆ ಕಾಣುವ ಎರಡನೇ ದೋಷ ಇದು. ಮೊದಲು ಒಂದು ವಾಣಿಜ್ಯ ತಾಣಕ್ಕೆ ಹೋಗುವುದೂ ಬರುವುದೂ ಖಾಸಗಿ ಲಿಂಕಿನಲ್ಲೇ ಆಗುತ್ತಿತ್ತು. ಈಗ ಆ ತಾಣದ ರೂಟ್ ಶೈಕ್ಷಣಿಕ ಜಾಲದಿಂದಲೂ ಬಂತು. ನಮ್ಮ ರೂಟರ್‌ನಲ್ಲಿ ಶೈಕ್ಷಣಿಕ ರೂಟ್‌ಗಳಿಗೆ ಲೋಕಲ್ ಪ್ರೆಫರೆನ್ಸ್ ಜಾಸ್ತಿ ಇಟ್ಟಿರುತ್ತೇವೆ. ಹಾಗಾಗಿ ಹೋಗುವುದು ಶೈಕ್ಷಣಿಕ ಲಿಂಕಿನಲ್ಲಿ. ಆದರೆ ಆ ತಾಣದವರು ನಮಗೆ ಉತ್ತರ ಕಳಿಸುವುದು ಖಾಸಗಿ ಲಿಂಕಿನಲ್ಲೇ ಮುಂದುವರಿಯಬಹುದು. ಇಂಟರ್ನೆಟ್‌ನಲ್ಲಿ ಇದು ತಪ್ಪಲ್ಲ, ದಿನಾ ನಡೆಯುವಂಥದ್ದು. ತಪ್ಪಾಗುವುದು ಎರಡು ಲಿಂಕಿಗೆ ಎರಡು ಪ್ರತ್ಯೇಕ ಫೈರ್‌ವಾಲ್ ಇಟ್ಟಾಗ.

ಎರಡೂ ಫೈರ್‌ವಾಲ್‌ಗಳ ಹೊರಮೈಯಲ್ಲಿ ಒಂದೇ ಸಮಯಕ್ಕೆ ಟಿಸಿಪಿಡಂಪ್ (ಹಾಯುವ ಪ್ಯಾಕೆಟ್ಟುಗಳನ್ನು ತೋರಿಸುವ ಸಾಧನ) ಹಾಕಿ. ಹೀಗೆ ಕಂಡರೆ ರೋಗ ಅದೇ.

ಶೈಕ್ಷಣಿಕ ಫೈರ್‌ವಾಲ್: 11:42:07 ಸಿನ್ (ಸಂಪರ್ಕ ಕೋರುವ ಮೊದಲ ಪ್ಯಾಕೆಟ್) ಹೊರಟಿತು. 11:42:08 ಅದೇ ಸಿನ್ ಮತ್ತೆ. 11:42:10 ಮತ್ತೆ. 11:42:14 ಮತ್ತೆ.
ಖಾಸಗಿ ಫೈರ್‌ವಾಲ್: 11:42:07 ಸಿನ್-ಆಕ್ (ಅದಕ್ಕೆ ಒಪ್ಪಿಗೆಯ ಉತ್ತರ) ಬಂತು. 11:42:08 ಮತ್ತೆ ಬಂತು.

ಆ ಕಡೆಯವರು ಬಾಗಿಲು ತೆರೆದು "ಬನ್ನಿ" ಅಂತ ಕರೆಯುತ್ತಲೇ ಇದ್ದಾರೆ. ಖಾಸಗಿ ಫೈರ್‌ವಾಲ್ ಮಾತ್ರ "ನಮ್ಮ ಮನೆಯಿಂದ ಯಾರೂ ಹೋಗೇ ಇಲ್ಲವಲ್ಲ, ಇದ್ಯಾವ ಉತ್ತರ" ಅಂತ ಎಸೆಯುತ್ತಿದೆ. ಅದರ ಪುಸ್ತಕದಲ್ಲಿ ಆ ಸಂಪರ್ಕದ ಲೆಕ್ಕವೇ ಇಲ್ಲ. ಪಿಂಗ್ ಬರುವುದು ಯಾಕೆಂದರೆ ಪಿಂಗ್ ಬಳಸುವ ಐಸಿಎಂಪಿಗೆ ನಾವೇ ನಿಯಮದಲ್ಲಿ ಬಾಗಿಲು ತೆರೆದಿಟ್ಟಿರುತ್ತೇವೆ.

ಇದಕ್ಕೆ ಎಲ್ಲರೂ ಮೊದಲು ಹುಡುಕುವ ಮದ್ದು, ಬಿಜಿಪಿ ತಿರುಚಿ ಎರಡೂ ದಾರಿಗಳನ್ನು ಒಂದು ಮಾಡುವುದು. ನನಗೆ ಅದು ಇಷ್ಟವಿಲ್ಲ. ಇವತ್ತು ಒಂದು ತಾಣಕ್ಕೆ ಸರಿಮಾಡಿದರೆ ನಾಳೆ ಇನ್ನೊಂದು ಪೀರ್ ಬರುತ್ತಾರೆ. ಫೈರ್‌ವಾಲನ್ನು ಗಡಿ ರೂಟರ್‌ಗಳ ಒಳಗಡೆಗೆ ತನ್ನಿ, ಎರಡೂ ಲಿಂಕಿನ ಟ್ರಾಫಿಕ್ ಅದೊಂದರ ಮೂಲಕವೇ ಹಾಯಲಿ. ಅದಕ್ಕೆ ದುಡ್ಡಿಲ್ಲ ಅಂದರೆ ಎರಡು ಫೈರ್‌ವಾಲ್‌ಗಳೂ ಸಂಪರ್ಕದ ಲೆಕ್ಕ ಹಂಚಿಕೊಳ್ಳುವ ಹಾಗೆ ಜೋಡಿಸಿ. ಹಾಸ್ಟೆಲ್ಲಿಗಾದರೆ ಇನ್ನೂ ಸುಲಭ. ಹೊರಡುವ ಲಿಂಕಿನವರೇ ಕೊಟ್ಟ ವಿಳಾಸಕ್ಕೆ ನ್ಯಾಟ್ ಮಾಡಿ, ಅಂದರೆ ಒಳಗಿನ ವಿಳಾಸವನ್ನು ಅದಕ್ಕೆ ಬದಲಾಯಿಸಿ. ಉತ್ತರ ತಾನಾಗೇ ಅದೇ ಲಿಂಕಿಗೆ ಬರುತ್ತದೆ.

ರೂಟರ್‌ನಲ್ಲಿ ಕಟ್ಟುನಿಟ್ಟಿನ ಯುಆರ್‌ಪಿಎಫ್ (ಬಂದ ಪ್ಯಾಕೆಟ್ಟಿನ ಮೂಲಕ್ಕೆ ವಾಪಸ್ ದಾರಿಯೂ ಅದೇ ಲಿಂಕಿನಲ್ಲಿದೆಯಾ ಅಂತ ನೋಡುವ ತಪಾಸಣೆ) ಹಾಕಿದ್ದರೂ ಇದೇ ಲಕ್ಷಣ ಬರುತ್ತದೆ, ಆಗ ಪಿಂಗ್ ಕೂಡ ಬರುವುದಿಲ್ಲ. ಎರಡು ಲಿಂಕ್ ಇರುವ ಕಡೆ ಹೊರಗಿನ ಇಂಟರ್ಫೇಸಿಗೆ ಸಡಿಲ ರೀತಿಯದ್ದೇ ಸಾಕು.

ಸಣ್ಣ ಪುಟ ಬರುತ್ತೆ, ದೊಡ್ಡ ಫೈಲ್ ನಿಂತುಬಿಡುತ್ತೆ

ಎಸ್‌ಎಸ್‌ಎಚ್‌ನಲ್ಲಿ ದೂರದ ಸರ್ವರಿಗೆ ಲಾಗಿನ್ ಆಗುತ್ತದೆ, ಅಲ್ಲಿನ ಫೈಲ್ ಪಟ್ಟಿ ಕೇಳಿದ ಕೂಡಲೇ ಪರದೆ ಮರಗಟ್ಟುತ್ತದೆ. ಇದನ್ನು ನೋಡಿದರೆ ನೇರ ಎಂಟಿಯು (ಲಿಂಕ್ ಹೊರಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಅಳತೆ) ಕಡೆಗೆ ಹೋಗಿ. ಶೈಕ್ಷಣಿಕ ಜಾಲಗಳಲ್ಲಿ 9000 ಬೈಟಿನ ದೊಡ್ಡ ಫ್ರೇಮ್ ಓಡಿಸುವ ರೂಢಿ ಇದೆ. ಎಕ್ಸ್‌ಚೇಂಜಿನ ಪೀರಿಂಗ್ ಲ್ಯಾನಿನಲ್ಲಿ ಸಾಮಾನ್ಯವಾಗಿ 1500. ದೊಡ್ಡ ಪ್ಯಾಕೆಟ್ ಆ ಗಡಿಯಲ್ಲಿ ತೂರುವುದಿಲ್ಲ. ಆಗ ಅಲ್ಲಿನ ರೂಟರ್ "ಸ್ವಲ್ಪ ಸಣ್ಣದು ಕಳಿಸಪ್ಪ" ಅಂತ ಐಸಿಎಂಪಿ ಸಂದೇಶ ಕಳಿಸುತ್ತದೆ. ಸುರಕ್ಷತೆ ಅಂತ ಯಾರೋ ಐಸಿಎಂಪಿಯನ್ನು ಪೂರ್ತಿ ಮುಚ್ಚಿದ್ದರೆ ಆ ಸಂದೇಶ ತಲುಪುವುದಿಲ್ಲ, ಕಳಿಸುವವನು ಅದೇ ದಪ್ಪ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತಾನೆ.

ತುಂಡು ಮಾಡಬೇಡ ಅನ್ನುವ ಗುರುತು ಹಾಕಿ ಪಿಂಗ್ ಮಾಡಿ. ಐಪಿವಿ4ರಲ್ಲಿ 1472 ಬೈಟ್ ಹೋಗಬೇಕು, ಶಿರೋಭಾಗದ 28 ಸೇರಿ 1500. ಪೂರ್ತಿ 9000ದ ದಾರಿಯಾದರೆ 8972 ಹೋಗಬೇಕು. 1472 ಹೋಗಿ 8972 ಹೋಗದೆ, ದೋಷದ ಸಂದೇಶವೂ ಬರದೆ ಸುಮ್ನೆ ಮೌನ ಅಂದರೆ ನಡುವೆ ಯಾರೋ ಐಸಿಎಂಪಿ ನುಂಗುತ್ತಿದ್ದಾರೆ. ಐಪಿವಿ4ರಲ್ಲಿ ಟೈಪ್ 3 ಕೋಡ್ 4, ಐಪಿವಿ6ರಲ್ಲಿ ಟೈಪ್ 2, ಇವೆರಡನ್ನು ಬಿಡಲೇಬೇಕು. ಅದು ಆಗುವವರೆಗೆ ಗಡಿಯಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾದ ಮಿತಿ) ಅನ್ನು 1460ಕ್ಕೆ, ಐಪಿವಿ6ಗೆ 1440ಕ್ಕೆ ಕಟ್ಟಿಹಾಕಿ. ಡೇಟಾ ಸಾಗಿಸುವ ಸರ್ವರ್‌ಗೆ ಮಾತ್ರ ಅದನ್ನು ಅನ್ವಯಿಸಬೇಡಿ, 9000 ಇರುವುದೇ ಅದಕ್ಕಾಗಿ.

ಉಳಿದ ಸಣ್ಣಪುಟ್ಟವು

ವಿಡಿಯೋ ಮಾತ್ರ ನಿಧಾನವಾದರೆ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ನೋಡಿ. ದೊಡ್ಡ ವಿಡಿಯೋ ಕಂಪನಿಗಳು ಹೆಸರು ಕೇಳಿದ ರಿಸಾಲ್ವರ್ (ನಮ್ಮ ಪರವಾಗಿ ವಿಳಾಸ ಹುಡುಕುವ ಸರ್ವರ್) ಎಲ್ಲಿದೆ ಅನ್ನುವುದನ್ನೂ ನೋಡಿ ಹತ್ತಿರದ ಕ್ಯಾಶ್ (ವಿಡಿಯೋದ ಪ್ರತಿ ಇಟ್ಟ ಸರ್ವರ್) ಕೊಡುತ್ತವೆ. ರಿಸಾಲ್ವರ್ ಒಂದು ಜಾಲದಲ್ಲಿ, ಟ್ರಾಫಿಕ್ ಇನ್ನೊಂದು ಜಾಲದಲ್ಲಿ ಇದ್ದರೆ ದೂರದ ಕ್ಯಾಶ್ ಸಿಗಬಹುದು. ಎರಡು ರಿಸಾಲ್ವರ್‌ಗಳಿಗೆ ಒಂದೇ ಹೆಸರು ಕೇಳಿ, ಬಂದ ಎರಡೂ ವಿಳಾಸಗಳಿಗೆ ಪಿಂಗ್ ಮಾಡಿ. ಕ್ಯಾಂಪಸ್ ಒಳಗೇ ಸ್ವಂತ ರಿಸಾಲ್ವರ್ ಇಟ್ಟುಕೊಳ್ಳುವುದು ಒಳ್ಳೆಯದು.

ಬಿಜಿಪಿ ಸೆಷನ್ ಹತ್ತಿ ಇಳಿಯುತ್ತಿದ್ದರೆ ಲಾಗ್‌ನಲ್ಲಿ ಮ್ಯಾಕ್ಸ್ ಪ್ರಿಫಿಕ್ಸ್ ಅನ್ನುವ ಪದ ಹುಡುಕಿ. ಶೈಕ್ಷಣಿಕ ಜಾಲ ಹೊಸ ಪೀರ್‌ಗಳನ್ನು ಸೇರಿಸಿದಾಗ ನಿಮಗೆ ಬರುವ ರೂಟ್‌ಗಳ ಸಂಖ್ಯೆ ನೆಗೆಯುತ್ತದೆ. ಹಳೆಯ ಮಿತಿ ದಾಟಿದರೆ ನಿಮ್ಮ ರೂಟರೇ ಸೆಷನ್ ಕಡಿದುಹಾಕುತ್ತದೆ. ಎಕ್ಸ್‌ಚೇಂಜಿನ ರೂಟ್ ಸರ್ವರ್ (ಒಬ್ಬರ ರೂಟುಗಳನ್ನು ಉಳಿದವರಿಗೆ ಹಂಚುವ ಸರ್ವರ್) ಜೊತೆ ನೇರ ಪೀರಿಂಗ್ ಮಾಡುವವರಿಗೆ ಇನ್ನೊಂದು ಎಡವು ಇದೆ. ರೂಟ್ ಸರ್ವರ್ ಸಾಮಾನ್ಯವಾಗಿ ಪಾಥ್‌ನಲ್ಲಿ ತನ್ನ ನಂಬರ್ ಹಾಕುವುದಿಲ್ಲ. ಮೊದಲ ನಂಬರ್ ನೆರೆಯವನದೇ ಇರಬೇಕು ಅನ್ನುವ ನಿಯಮ ನಿಮ್ಮ ರೂಟರ್‌ನಲ್ಲಿದ್ದರೆ ರೂಟ್‌ಗಳೆಲ್ಲ ತಿರಸ್ಕಾರವಾಗುತ್ತವೆ. ಆ ಸೆಷನ್‌ಗೆ ಮಾತ್ರ ಅದನ್ನು ಸಡಿಲಿಸಿ.

ಹೊರಮುಖ ಟ್ರಾಫಿಕ್ ಕಾರಣವಿಲ್ಲದೆ ಏರಿದೆ, ಹಾಸ್ಟೆಲ್ ರಜೆ ಇದ್ದರೂ ಎರಡೂ ಲಿಂಕ್ ಸಮಸಮ ಓಡುತ್ತಿವೆ ಅಂದರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ನಿಮ್ಮ ಹೊರಗಿನ ಫಿಲ್ಟರ್ ನೋಡಿ. ಶೈಕ್ಷಣಿಕ ಜಾಲದಿಂದ ಕಲಿತ ರೂಟ್‌ಗಳನ್ನು ನೀವು ಖಾಸಗಿ ಕಂಪನಿಗೆ ಹೇಳಿಬಿಟ್ಟಿರುತ್ತೀರಿ. ಅವರಿಗೆ ನೀವು ಗ್ರಾಹಕರು, ಗ್ರಾಹಕರ ರೂಟೇ ಅವರಿಗೆ ಮೆಚ್ಚು. ಎರಡು ದೊಡ್ಡ ಜಾಲಗಳ ನಡುವಿನ ಟ್ರಾಫಿಕ್ ನಿಮ್ಮ ಸರ್ವರ್ ರೂಮಿನ ಮೂಲಕ ಹಾಯುತ್ತಿರುತ್ತದೆ. ಹೊರಗೆ ನಿಮ್ಮ ಬ್ಲಾಕ್ ಬಿಟ್ಟು ಬೇರೇನೂ ಹೋಗದ ಹಾಗೆ ಎರಡೂ ನೆರೆಗೆ ಹೆಸರಿಟ್ಟು ಫಿಲ್ಟರ್ ಬರೆಯಿರಿ. ಫಿಲ್ಟರ್ ಇಲ್ಲದ ಸೆಷನ್‌ನಲ್ಲಿ ಏನನ್ನೂ ಕಳಿಸಬಾರದು, ಏನನ್ನೂ ಸ್ವೀಕರಿಸಬಾರದು ಅಂತ 2017ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 8212 ಹೇಳುತ್ತದೆ. ಹಳೆಯ ರೂಟರ್‌ಗಳು ಅದನ್ನು ಪಾಲಿಸುತ್ತವೆ ಅಂತ ನಂಬಿ ಕೂರಬೇಡಿ.

ಟಿಕೆಟ್ ಹಾಕುವಾಗ

ಎಲ್ಲ ನೋಡಿದಮೇಲೂ ದೋಷ ಆಚೆ ಕಡೆಯೇ ಇದೆ ಅನ್ನಿಸಿದರೆ ನಾಕ್‌ಗೆ, ಅಂದರೆ ಇಡೀ ದಿನ ಜಾಲ ಕಾಯುವ ಅವರ ತಂಡಕ್ಕೆ ಬರೆಯಬೇಕು. ಅವರ ವಿಳಾಸ, ಪೀರಿಂಗ್ ಮಾಡುವ ಜಾಲಗಳ ವಿವರ ಇಟ್ಟಿರುವ ಪೀರಿಂಗ್‌ಡಿಬಿಯಲ್ಲಿ ಸಿಗುತ್ತದೆ. "ನೆಟ್ ಸ್ಲೋ ಇದೆ, ದಯವಿಟ್ಟು ನೋಡಿ" ಅಂತ ಬರೆದರೆ "ನಮ್ಮ ಕಡೆ ಎಲ್ಲ ಸರಿಯಿದೆ" ಅನ್ನುವ ಉತ್ತರ ಬರುತ್ತದೆ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಮೂಲ ವಿಳಾಸ, ಗುರಿ ವಿಳಾಸ, ಸಮಯ, ನಮ್ಮಿಂದ ಅಲ್ಲಿಗೆ ಟ್ರೇಸ್, ಅಲ್ಲಿಂದ ನಮಗೆ ಟ್ರೇಸ್, ಎರಡು ಮೂಲ ವಿಳಾಸದ ಪಿಂಗ್, ಯಾವ ದಿನದಿಂದ ಶುರು. ಇಷ್ಟು ಹಾಕಿ. ವೇಗದ ದೂರಾದರೆ ಐಪರ್ಫ್ ಅಥವಾ ಪರ್ಫ್‌ಸೋನಾರ್ ಅಳತೆ ಎರಡೂ ದಿಕ್ಕಿನದು ಸೇರಿಸಿ. ನಾನು ಇತ್ತೀಚೆಗೆ ಬರೆದದ್ದು ಹೀಗಿತ್ತು:

"198.18.5.20ರಿಂದ ನಿಮ್ಮ 203.0.113.9ಕ್ಕೆ, ಮಂಗಳವಾರ 15:10, 71 ಮಿ.ಸೆ. ಲಿಂಕ್ ವಿಳಾಸದಿಂದ ಕೇಳಿದರೆ 5. ನಾವು ಹೊರಗೆ ಹೇಳುತ್ತಿರುವುದು /22 ಒಂದೇ, ಲುಕಿಂಗ್ ಗ್ಲಾಸ್ ಪ್ರತಿ ಲಗತ್ತಿಸಿದೆ. ನಿಮ್ಮ ರೂಟರ್‌ನಲ್ಲಿ 198.18.5.0ಕ್ಕೆ ಯಾವ ಪ್ರಿಫಿಕ್ಸ್, ಯಾವ ನೆಕ್ಸ್ಟ್ ಹಾಪ್ ಕಾಣುತ್ತಿದೆ ಅಂತ ದಯವಿಟ್ಟು ತಿಳಿಸಿ."

ನಲವತ್ತು ನಿಮಿಷದಲ್ಲಿ ಉತ್ತರ ಬಂತು.